ಕಾಡಿನ ಅಸಲು, ಕಾಡಿನ ಬಡ್ಡಿ

ಭತ್ತವನ್ನು ಬಿತ್ತಿದ ರೈತನು ಐದಾರು ತಿಂಗಳುಗಳಲ್ಲಿ ಬೆಳೆಯನ್ನು ಮನೆಗೆ ತರುತ್ತಾನೆ. ತೆಂಗಿನ ಸಸಿಯನ್ನು ನೆಟ್ಟವನು ಕೆಲವು ವರ್ಷ ಕಾಯಬೇಕಾದರೂ ತನ್ನ ಆಯುಷ್ಯದಲ್ಲಿಯೇ ಅದರ ಎಳನೀರನ್ನು ಕುಡಿಯುತ್ತಾನೆ. ಆದರೆ ತೊಲೆ, ಹಲಗೆಗಳಿಗೆ ಒದಗುವ ಮೋಪಿನ ಮರವನ್ನು ಬೆಳೆಸಹೊರಟವನ ಪಾಡು ಬೇರೆ. ಅವನು ನೆಟ್ಟ ಸಸಿ ಬಲಿತು ಕೊಡಲಿಗೆ ಸಿದ್ಧವಾಗುವ ವೇಳೆಗೆ ಅವನು ಇರುವುದಿಲ್ಲ. ಅವನ ಮಗನೋ ಮೊಮ್ಮಗನೋ ಅದನ್ನು ಕಡಿಯುತ್ತಾನೆ. ಹೀಗಿರುವಾಗ, ಕಾಡನ್ನು ಸ್ವಂತ ಆಸ್ತಿಯಾಗಿ ಉಳ್ಳವನು ಅದರಿಂದ ವರ್ಷವರ್ಷವೂ ಆದಾಯವನ್ನು ಪಡೆಯಬೇಕು, ಕಾಡೂ ಕ್ಷಯಿಸದೆ ಉಳಿಯಬೇಕು ಎಂದರೆ ಅದು ಹೇಗೆ ಸಾಧ್ಯ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ತನ್ನ ಜೀವಮಾನದ ಬಹುಭಾಗವನ್ನು ಸವೆಸಿದವನು ಗಿಫರ್ಡ್ ಪಿನ್‌ಶೋ. ಅಮೆರಿಕ ಸಂಯುಕ್ತ ಸಂಸ್ಥಾನದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥನೆಂದು ಲೋಕವು ಅವನನ್ನು ಬಲ್ಲದು. ಆದರೆ ಅವನ ಕೆಲಸ ಮೊದಲಾದದ್ದು ಒಬ್ಬ ಸಿರಿವಂತನ ಖಾಸಗಿ ಕಾಡಿನಲ್ಲಿ.

ಪಿನ್‌ಶೋ 1865ನೆಯ ಇಸವಿ ಆಗಸ್ಟ್ 11ರಂದು ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿ ಎಂಬ ಊರಿನಲ್ಲಿ ಜನಿಸಿದನು. ಅವನ ವಂಶದವರು ಮೂಲತಃ ಫ್ರಾನ್ಸ್ ದೇಶದವರು. ನೆಪೋಲಿಯನ್ನನ ಪತನಾನಂತರ ಅವರು ಸಮುದ್ರವನ್ನು ದಾಟಿ ಬಂದು ಪೆನ್ಸಿಲ್ವೇನಿಯ ರಾಜ್ಯದ ಮಿಲ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ನೆಲಸಿದರು. ಗಿಫರ್ಡನ ತಾತ ಸಿರಿಲ್ ಪಿನ್‌ಶೋ ವ್ಯಾಪಾರದಲ್ಲಿ ನಿಪುಣ. ಅವನು ಸುತ್ತಲಿನ ಗುಡ್ಡಗಳ ಕಾಡುಗಳನ್ನು ಕೊಂಡು ಮರಗಳನ್ನು ಕಡಿಸಿ, ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿಸಿ ಡೆಲವೇರ್ ನದಿಯಲ್ಲಿ ಕೆಳಗಿನ ಪಟ್ಟಣಗಳಿಗೆ ತೇಲಿಬಿಡುತ್ತಿದ್ದನು. ಒಂದು ಗುಡ್ಡ ಬೋಳಾದರೆ ಮತ್ತೊಂದು ಗುಡ್ಡ. ಅಂದಿನ ಅಮೆರಿಕದಲ್ಲಿ ಇದು ಯಾರೂ ತಪ್ಪೆಂದು ಎಣಿಸದ ದಂಧೆ. ಕಾಡಿಗೆ ಕೊನೆಯೆಂಬುದಿಲ್ಲವೆಂದೇ ಜನರು ತಿಳಿದಿದ್ದರು. ಕಡಿದು ಮುಗಿದ ನೆಲಕ್ಕೆ ಬೆಲೆಯಿರಲಿಲ್ಲ. ಒಡೆಯರು ಅದನ್ನು ಹಾಗೆಯೇ ಬಿಟ್ಟು ಮುಂದೆ ಸಾಗುತ್ತಿದ್ದರು. ಉಳಿದ ರೆಂಬೆಕೊಂಬೆಗಳಿಗೆ ಬೆಂಕಿ ಬೀಳುತ್ತಿತ್ತು. ಬೆಂಕಿಯ ತರುವಾಯ ಮಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು.

ಸಿರಿಲನ ಮಗ ಜೇಮ್ಸ್ ಪಿನ್‌ಶೋ ನ್ಯೂಯಾರ್ಕ್ ನಗರಕ್ಕೆ ಹೋಗಿ ಗೋಡೆಗಳಿಗೆ ಅಂಟಿಸುವ ಚಿತ್ತಾರದ ಕಾಗದವನ್ನು ಮಾರಿ ಅಪಾರ ಹಣವನ್ನು ಗಳಿಸಿದನು. ಚಿತ್ರಕಲೆಯಲ್ಲಿ ಅವನಿಗೆ ಬಲು ಪ್ರೀತಿ. ತನ್ನ ಮಿತ್ರನಾದ ಸ್ಯಾನ್‌ಫರ್ಡ್ ಗಿಫರ್ಡ್ ಎಂಬ ಚಿತ್ರಕಾರನ ಹೆಸರನ್ನೇ ಹಿರಿಯ ಮಗನಿಗೆ ಇಟ್ಟನು. ವ್ಯಾಪಾರದಿಂದ ನಿವೃತ್ತನಾದ ಮೇಲೆ 1886ರಲ್ಲಿ ಮಿಲ್‌ಫರ್ಡಿನ ಗುಡ್ಡದ ಮೇಲೆ ಗ್ರೇ ಟವರ್ಸ್ ಎಂಬ ಕಲ್ಲಿನ ಮಹಾಗೃಹವನ್ನು ಕಟ್ಟಿಸಿದನು. ಮನೆಯೇನೋ ಅರಮನೆಯಂತಿತ್ತು; ಆದರೆ ಸುತ್ತಲೂ ನೆರಳಿಗೆ ಮರವಿಲ್ಲ. ತಂದೆಯ ಕಾಲದ ಕೊಡಲಿಯ ಗುರುತು ಜೇಮ್ಸನ ಕಣ್ಣಿಗೆ ನಿತ್ಯವೂ ಬೀಳುತ್ತಿತ್ತು. ಫ್ರಾನ್ಸಿನಲ್ಲಿ ಅವನು ಶತಮಾನಗಳಿಂದ ಮರವನ್ನು ಕಡಿಯುತ್ತಿದ್ದರೂ ಅಳಿಯದೆ ಉಳಿದ ಕಾಡುಗಳನ್ನು ನೋಡಿ ಬಂದಿದ್ದನು. ಆದುದರಿಂದ 1885ರಲ್ಲಿ ಮಗನು ಯೇಲ್ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಾಗ, ಅರಣ್ಯಶಾಸ್ತ್ರವನ್ನೇಕೆ ವೃತ್ತಿಯಾಗಿ ಕೈಗೊಳ್ಳಬಾರದೆಂದು ಅವನನ್ನು ಕೇಳಿದನು. ಅಂತಹ ವೃತ್ತಿಯೊಂದು ಇದೆಯೆಂಬುದೇ ಆ ದೇಶದಲ್ಲಿ ಬಹುಜನರಿಗೆ ತಿಳಿಯದು. ಅದನ್ನು ಕಲಿಸುವ ಶಾಲೆ ಅಲ್ಲಿ ಒಂದೂ ಇರಲಿಲ್ಲ. ಆದರೂ ಇಪ್ಪತ್ತರ ಹರೆಯದ ಗಿಫರ್ಡನಿಗೆ ತಂದೆಯ ಮಾತು ನಾಟಿತು. ಮೀನು ಹಿಡಿಯುವುದು, ಕಾಡುಮೇಡು ಅಲೆಯುವುದು ಅವನಿಗೆ ಬಾಲ್ಯದಿಂದಲೂ ಪ್ರಿಯವಾಗಿದ್ದುವು. ಯೇಲ್‌ನಲ್ಲಿ ಅರಣ್ಯಶಾಸ್ತ್ರಕ್ಕೆ ಹತ್ತಿರವಾದ ಸಸ್ಯಶಾಸ್ತ್ರ, ಭೂವಿಜ್ಞಾನ ಮೊದಲಾದುವನ್ನು ಓದಿ 1889ರಲ್ಲಿ ಪದವೀಧರನಾದನು. ಅದೇ ವರ್ಷ ಯೂರೋಪಿಗೆ ಹಡಗನ್ನು ಹತ್ತಿದನು.

ಅಲ್ಲಿ ಅವನಿಗೆ ದೊರೆತ ಗುರುವಿನ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. ಡೀಟ್ರಿಕ್ ಬ್ರಾಂಡಿಸ್ ಜರ್ಮನಿಯವನು; ಮೊದಲು ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡುಗಳನ್ನು ನೋಡಿಕೊಂಡು, 1864ರಲ್ಲಿ ಭಾರತದ ಪ್ರಥಮ ಅರಣ್ಯ ಮಹಾನಿರೀಕ್ಷಕನಾದವನು. ಪೆಗುವಿನಲ್ಲಿ ಅವನು ಕಾಡನ್ನು ಅಳೆದ ರೀತಿ ಸ್ವಾರಸ್ಯಕರವಾದದ್ದು. ಆನೆಯ ಮೇಲೆ ಕುಳಿತು ಕಾಡಿನ ನಡುವೆ ಸಾಗುವನು. ಮಳೆಯಲ್ಲಿ ಕಾಗದ ನಿಲ್ಲದಾದ್ದರಿಂದ ಎಡಗೈಯಲ್ಲಿ ನಾಲ್ಕು ಬಿದಿರಿನ ತುಂಡುಗಳು, ಬಲಗೈಯಲ್ಲಿ ಚಾಕು. ಸುತ್ತಳತೆಗೆ ಅನುಸಾರವಾಗಿ ತೇಗದ ಮರಗಳನ್ನು ನಾಲ್ಕು ದರ್ಜೆಯಾಗಿ ಎಣಿಸಿ, ಕಂಡ ಒಂದೊಂದು ಮರಕ್ಕೂ ಅದರ ದರ್ಜೆಯ ಬಿದಿರಿನ ಮೇಲೆ ಒಂದು ಕಚ್ಚು ಹಾಕುವನು. ಈ ಎಣಿಕೆಯಿಂದ ಕಡಿಯಲು ಯೋಗ್ಯವಾದ ಮರಗಳೆಷ್ಟು, ಅವುಗಳ ಸ್ಥಾನವನ್ನು ತುಂಬಲು ಹಿಂದೆ ಬೆಳೆಯುತ್ತಿರುವ ಮರಗಳೆಷ್ಟು ಎಂಬುದು ತಿಳಿದುಬರುತ್ತಿತ್ತು. ಎರಡನೆಯ ದರ್ಜೆಯ ಮರ ಮೊದಲನೆಯ ದರ್ಜೆಗೆ ಏರಲು ಇಪ್ಪತ್ತನಾಲ್ಕು ವರ್ಷ ಬೇಕೆಂದು ಇಟ್ಟುಕೊಳ್ಳೋಣ. ಆಗ ಮೊದಲನೆಯ ದರ್ಜೆಯ ಮರಗಳಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕಡಿಯಬೇಕು. ಕೊನೆಯ ಪಾಲನ್ನು ಕಡಿದು ಮುಗಿಸುವಷ್ಟರಲ್ಲಿ ಹಿಂದಿನ ಸಾಲು ಬೆಳೆದು ನಿಂತಿರುತ್ತದೆ.

ಈ ಲೆಕ್ಕದ ಹಿಂದಿರುವ ತತ್ತ್ವವು ಮನೆಯ ಹಣಕಾಸಿನ ತತ್ತ್ವವೇ ಆಗಿದೆ. ಕಾಡಿನಲ್ಲಿ ನಿಂತಿರುವ ಮರಗಳೆಲ್ಲ ಅಸಲು. ಆ ಮರಗಳು ಒಂದು ವರ್ಷದಲ್ಲಿ ಎಷ್ಟು ದಪ್ಪವಾದುವೋ ಎಷ್ಟು ಎತ್ತರವಾದುವೋ ಅದು ಬಡ್ಡಿ. ಬಡ್ಡಿಯಷ್ಟನ್ನೇ ಕಡಿದರೆ ಅಸಲು ಹಾಗೆಯೇ ಉಳಿಯುತ್ತದೆ. ಬಡ್ಡಿ ಎಷ್ಟೆಂದು ತಿಳಿಯಬೇಕಾದರೆ ಕಾಡಿನ ಅಲ್ಲಲ್ಲಿ ಸಣ್ಣ ತುಣುಕುಗಳನ್ನು ಗುರುತಿಸಿ ಅಲ್ಲಿನ ಮರಗಳನ್ನು ಅಳೆಯಬೇಕು. ಕಡಿದ ಬುಡದ ಮೇಲೆ ಕಾಣುವ ವಾರ್ಷಿಕ ಉಂಗುರಗಳನ್ನು ಎಣಿಸಬೇಕು. ಶೀತದೇಶಗಳ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುವುದರಿಂದ ಅದು ಸುಲಭ. ಬಡ್ಡಿಯನ್ನು ಮೀರಿ ಕಡಿಯುವವನು ಬಿತ್ತನೆಯ ಭತ್ತವನ್ನು ಕುಟ್ಟಿ ಉಂಡಂತೆಯೇ ಸರಿ.

ಬ್ರಾಂಡಿಸನ ಸಲಹೆಯಂತೆ ಪಿನ್‌ಶೋ ಫ್ರಾನ್ಸಿನ ನಾನ್ಸಿ ಪಟ್ಟಣದ ಅರಣ್ಯಶಾಲೆಯನ್ನು ಸೇರಿದನು. ಮರುವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಸೇರಿದ ಸಿಲ್‌ವಾಲ್ಡ್ ಎಂಬ ಕಾಡಿನಲ್ಲಿ ಕೆಲವು ಕಾಲ ನಿಂತನು. ಈ ಕಾಡು ನೂರಾರು ವರ್ಷಗಳಿಂದ ನಗರಕ್ಕೆ ಸೌದೆಯನ್ನೂ ಮೋಪನ್ನೂ ಒದಗಿಸುತ್ತ ಬಂದಿತ್ತು. ಇಳಿವಯಸ್ಸಿನ ಮರಗಳ ಪಕ್ಕದಲ್ಲಿಯೇ ಎಳೆಯ ಮರಗಳು, ಅವುಗಳ ಪಕ್ಕದಲ್ಲಿ ಸಸಿಗಳು. ಒಂದೊಂದು ತಲೆಮಾರಿಗೂ ಅದರದೇ ಜಾಗ. ಪುಸ್ತಕಗಳಲ್ಲಿ ಓದಿದ್ದನ್ನು ಅವನು ಅಲ್ಲಿ ಕಣ್ಣಾರೆ ಕಂಡನು. ಇನ್ನೂ ಕೆಲವು ವರ್ಷ ನಿಂತು ಕಲಿಯಬೇಕೆಂದು ಗುರುವು ಒತ್ತಾಯಿಸಿದರೂ ತರುಣನಿಗೆ ತಾಳ್ಮೆಯಿರಲಿಲ್ಲ. ತಾಯ್ನಾಡಿನ ಕಾಡುಗಳು ದಿನದಿನಕ್ಕೂ ನೆಲಕ್ಕುರುಳುತ್ತಿದ್ದುವು. 1890ರ ಕೊನೆಯಲ್ಲಿ, ಹದಿಮೂರು ತಿಂಗಳ ಓದನ್ನಷ್ಟೇ ಬೆನ್ನಿಗೆ ಕಟ್ಟಿಕೊಂಡು, ಅವನು ಹಿಂದಿರುಗಿದನು. ಈ ಅವಸರದ ಬೆಲೆಯನ್ನು ಮುಂದೆ ಸ್ವಲ್ಪಮಟ್ಟಿಗೆ ತೆರಬೇಕಾಯಿತು.

ಅವನಿಗೆ ದೊರೆತ ಮೊದಲ ದೊಡ್ಡ ಕೆಲಸ ಉತ್ತರ ಕ್ಯಾರೊಲಿನ ರಾಜ್ಯದ ಆಶ್‌ವಿಲ್ ಪಟ್ಟಣದ ಬಳಿಯ ಬಿಲ್ಟ್‌ಮೋರ್ ಎಸ್ಟೇಟಿನದು. ರೈಲು ಮತ್ತು ಹಡಗುಗಳಿಂದ ಕೋಟ್ಯಧೀಶರಾದ ವ್ಯಾಂಡರ್‌ಬಿಲ್ಟ್ ಮನೆತನದ ಜಾರ್ಜ್ ವ್ಯಾಂಡರ್‌ಬಿಲ್ಟ್ ಅಲ್ಲಿ ಸಾವಿರಾರು ಎಕರೆ ನೆಲವನ್ನು ಕೊಂಡು ಮಹಾಸೌಧವೊಂದನ್ನು ಕಟ್ಟಿಸುತ್ತಿದ್ದನು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡರಿಕ್ ಓಲ್ಮ್‌ಸ್ಟೆಡ್ ಅವನ ಉದ್ಯಾನಗಳಿಗೆ ಯೋಜಕ. ಈ ಬಡನೆಲದಲ್ಲಿ ಉದ್ಯಾನವು ಅಲ್ಪವಾಗಿರಲಿ, ಹೊಳೆಯ ಬಯಲಿನಲ್ಲಿ ಬೇಸಾಯವಾಗಲಿ, ಉಳಿದುದೆಲ್ಲವನ್ನೂ ಆದಾಯ ತರುವ ಕಾಡಾಗಿ ಬೆಳೆಸಲಿ ಎಂದು ಓಲ್ಮ್‌ಸ್ಟೆಡ್ ಸೂಚಿಸಿದನು. ಅದಕ್ಕೆ ತಕ್ಕವನು ಪಿನ್‌ಶೋ ಎಂದೂ ಹೇಳಿದನು. 1892ರ ಫೆಬ್ರವರಿಯಲ್ಲಿ ಇಪ್ಪತ್ತಾರು ವರ್ಷದ ಪಿನ್‌ಶೋ ಆ ಕಾಡಿನ ಹೊಣೆಯನ್ನು ಹೊತ್ತನು.

ಕಾಡೆಂದು ಕರೆದರೂ ಅದು ಸೊರಗಿದ ಕಾಡು. ಮೊದಲು ಅದು ಅನೇಕ ಸಣ್ಣ ಹಿಡುವಳಿದಾರರ ಕೈಯಲ್ಲಿತ್ತು. ಅವರು ನೆಟ್ಟನೆಯ ಒಳ್ಳೆಯ ಮರಗಳನ್ನು ಕಡಿದು ಮಾರಿಕೊಂಡು, ಡೊಂಕುಮರ, ಪೊಟರೆಬಿದ್ದ ಮರಗಳನ್ನು ಉಳಿಸಿದ್ದರು. ಹುಲ್ಲು ಚಿಗುರಲೆಂದು ವರ್ಷವರ್ಷವೂ ಬೆಂಕಿಯಿಟ್ಟಿದ್ದರು. ದನಗಳು ಎಳೆಯ ಸಸಿಗಳ ತುದಿಯನ್ನು ಕಿತ್ತು ತಿಂದಿದ್ದುವು. ಪಿನ್‌ಶೋ ಮಾಡಿದ ಮೊದಲ ಕೆಲಸ ಬೆಂಕಿಯನ್ನೂ ದನಗಳನ್ನೂ ಹೊರಗಿಟ್ಟುದು. ಅನಂತರ ಕಾಡನ್ನೆಲ್ಲ ವಿಭಾಗಗಳಾಗಿ ಹಂಚಿ, ಒಂದೊಂದು ವಿಭಾಗದಲ್ಲಿಯೂ ಯಾವ ಜಾತಿಯ ಮರಗಳು ಎಷ್ಟೆಷ್ಟಿವೆ, ಅವುಗಳ ವಯಸ್ಸೇನು, ಮಣ್ಣು ಹೇಗಿದೆ ಎಂಬುದನ್ನು ಬರೆಸಿದನು. ತನ್ನ ಯೋಜನೆಗೆ ಮೂರು ಗುರಿಗಳನ್ನು ಇಟ್ಟುಕೊಂಡನು. ಕಾಡು ಲಾಭವನ್ನು ತರಬೇಕು. ವರ್ಷದಿಂದ ವರ್ಷಕ್ಕೆ ದೊರೆಯುವ ಮೋಪು ಹೆಚ್ಚುಕಡಮೆ ಸಮನಾಗಿರಬೇಕು. ಕಾಡಿನ ಸ್ಥಿತಿ ಇಂದಿಗಿಂತ ನಾಳೆ ಮೇಲಾಗಬೇಕು. ಇವುಗಳಲ್ಲಿ ಎರಡನೆಯದು ಮೇಲ್ನೋಟಕ್ಕೆ ಸಾಮಾನ್ಯವೆಂದು ತೋರಿದರೂ ಮನುಷ್ಯರ ಬದುಕಿಗೆ ಬಹಳ ಹತ್ತಿರವಾದದ್ದು. ಒಂದೇ ಸಲ ಕಡಿದು ಮುಗಿಸುವ ಕಾಡಿನಲ್ಲಿ ಕೂಲಿಯವನಿಗೆ ಎರಡು ವರ್ಷ ಕೆಲಸ, ಆಮೇಲೆ ಗುಳೆ. ವರ್ಷವೂ ಸಮನಾಗಿ ಕಡಿಯುವ ಕಾಡಿನಲ್ಲಿ ಅವನು ಮನೆ ಕಟ್ಟಿಕೊಂಡು ನೆಲಸಬಹುದು. ಪಳಗಿದ ಕೈಗಳು ಕಾಡಿಗೂ ದೊರೆಯುತ್ತವೆ.

ಮರ ಕಡಿಯುವವರಿಗೆ ಅವನು ಹೊಸ ಪಾಠವನ್ನು ಕಲಿಸಬೇಕಾಯಿತು. ಕಡಿಯುವ ಮರ ಯಾವ ದಿಕ್ಕಿಗೆ ಬಿದ್ದರೂ ಅವರಿಗೆ ಒಂದೇ. ಅದರ ಕೆಳಗೆ ನೂರು ಎಳೆಮರಗಳು ಜಜ್ಜಿಹೋದರೂ ಚಿಂತೆಯಿಲ್ಲ. ಎಳೆಯ ಪೈರಿಗೆ ಪೆಟ್ಟಾಗದಂತೆ ದಿಕ್ಕು ನೋಡಿ ಮರವನ್ನು ಬೀಳಿಸಬೇಕೆಂದು ಪಿನ್‌ಶೋ ಹಟ ಹಿಡಿದನು. ಇದರಿಂದ ಖರ್ಚು ಹೆಚ್ಚುವುದೆಂದು ಎಲ್ಲರೂ ಹೇಳಿದರು. ಕೈ ಪಳಗಿದ ಮೇಲೆ ನೋಡಿದರೆ ಖರ್ಚಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇರಲಿಲ್ಲ. ಮುಂದೆ ಯಾವುದನ್ನು ಕಡಿಯಬೇಕು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂಬುದನ್ನು ಮೊದಲೇ ಮರದ ಮೇಲೆ ಗುರುತು ಮಾಡಲಾಗುತ್ತಿತ್ತು. ರೋಗ ಹಿಡಿದ, ಡೊಂಕಾದ ಮರಗಳು ಮೊದಲು ಹೋದುವು. ಅವುಗಳ ನೆರಳಿನಲ್ಲಿ ಉಸಿರು ಕಟ್ಟಿದ್ದ ಓಕ್ ಮತ್ತು ಟ್ಯೂಲಿಪ್ ಸಸಿಗಳು ಬೆಳಕನ್ನು ಕಂಡು ತಲೆಯೆತ್ತಿದುವು.

1893ರಲ್ಲಿ ಶಿಕಾಗೊ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಬಿಲ್ಟ್‌ಮೋರ್ ಕಾಡಿನ ಚಿತ್ರಗಳನ್ನೂ ನಕ್ಷೆಗಳನ್ನೂ ಅವನು ಜನರ ಮುಂದೆ ಇಟ್ಟನು. ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿ ಹಂಚಿದನು. ಅದರಲ್ಲಿ ಮೊದಲ ವರ್ಷದ ಜಮಾಖರ್ಚನ್ನೂ ಕಾಣಿಸಿದ್ದನು. ಲೆಕ್ಕವು ಅಲ್ಪ ಲಾಭವನ್ನು ತೋರಿಸುತ್ತಿತ್ತು. ಆದರೆ ಇನ್ನೂ ಮಾರಾಟವಾಗದೆ ರಾಶಿಬಿದ್ದಿದ್ದ ಮರದ ಬೆಲೆಯನ್ನೂ ಅವನು ಜಮೆಯಲ್ಲಿ ಸೇರಿಸಿಕೊಂಡಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ಅರಣ್ಯಶಾಸ್ತ್ರವು ಲಾಭದಾಯಕವೆಂದು ತೋರಿಸುವ ಆತುರ ಅವನಲ್ಲಿ ಅಷ್ಟಿತ್ತು.

ಈ ದಿನಗಳಲ್ಲಿಯೇ ಅವನ ಬಾಳಿನಲ್ಲಿ ದುಃಖವೊಂದು ಒದಗಿತು. ಅವನು ಮದುವೆಯಾಗಬೇಕೆಂದಿದ್ದ ಲಾರಾ ಹೌಟ್ಲಿಂಗ್ ಎಂಬ ತರುಣಿ 1894ರಲ್ಲಿ ಕ್ಷಯರೋಗಕ್ಕೆ ತುತ್ತಾದಳು. ಮುಂದಿನ ಇಪ್ಪತ್ತು ವರ್ಷ ಅವನು ಮದುವೆಯ ಮಾತೆತ್ತಲಿಲ್ಲ. 1914ರಲ್ಲಿ ಕಾರ್ನೀಲಿಯ ಬ್ರೈಸ್ ಎಂಬಾಕೆಯ ಕೈ ಹಿಡಿದಾಗ ಅವನಿಗೆ ನಲವತ್ತೊಂಬತ್ತು ವಯಸ್ಸು. ಆಕೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಧೀರೆ.

ವ್ಯಾಂಡರ್‌ಬಿಲ್ಟ್ ಪಿಸ್ಗಾ ಪರ್ವತದ ಸುತ್ತಣ ಕಾಡನ್ನೂ ಕೊಂಡಾಗ ಎಸ್ಟೇಟು ಒಂದು ಲಕ್ಷ ಎಕರೆಯನ್ನು ಮೀರಿತು. ಅಲ್ಲಿನ ಬಿಗ್ ಕ್ರೀಕ್ ಎಂಬ ಕಣಿವೆಯಲ್ಲಿ ಭಾರಿ ಟ್ಯೂಲಿಪ್ ಮರಗಳಿದ್ದುವು. ಅವುಗಳನ್ನು ಕಡಿದು, ತೊರೆಗೆ ಕಟ್ಟೆ ಕಟ್ಟಿ, ನೀರು ತುಂಬಿದಾಗ ಕಟ್ಟೆಯನ್ನು ಬಿಚ್ಚಿ ದಿಮ್ಮಿಗಳನ್ನು ಕೆಳಕ್ಕೆ ಹರಿಯಬಿಡುವ ಯೋಜನೆಯನ್ನು ಪಿನ್‌ಶೋ ಹಾಕಿದನು. ಅದನ್ನು ನಡೆಸಿದವನು 1895ರಲ್ಲಿ ಜರ್ಮನಿಯಿಂದ ಬಂದು ಕಾಡಿನ ಆಡಳಿತವನ್ನು ವಹಿಸಿಕೊಂಡ ಕಾರ್ಲ್ ಶೆಂಕ್. ನುಗ್ಗಿ ಬಂದ ದಿಮ್ಮಿಗಳು ಹೊಳೆಯ ದಡಗಳನ್ನು ಕೊರೆದು ರೈತರ ನೆಲವನ್ನು ಹಾಳುಮಾಡಿದುವು; ರೈತರು ನ್ಯಾಯಾಲಯಕ್ಕೆ ಹೋದರು. ಬಂದ ಹಣ ಖರ್ಚಿಗೆ ಸಾಲಲಿಲ್ಲ. ಈ ನಷ್ಟಕ್ಕೆ ಪಿನ್‌ಶೋನ ಅನನುಭವವೇ ಕಾರಣವೆಂದು ಶೆಂಕ್ ಭಾವಿಸಿದನು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಟ್ಯೂಲಿಪ್ ಮರವು ಬಿಸಿಲಿನಲ್ಲಿ ಹುಟ್ಟಿ ಬೆಳೆಯುವ ಜಾತಿ. ಹಳೆಯ ಮರಗಳು ಹೋಗಿ ಬೆಳಕು ಬಿದ್ದ ಆ ಕಣಿವೆಯಲ್ಲಿ ಕೆಲವು ವರ್ಷಗಳ ತರುವಾಯ ಅದರ ಸಸಿಗಳು ದಟ್ಟವಾಗಿ ಎದ್ದು ನಿಂತುವು. ಹಣದ ಲೆಕ್ಕದಲ್ಲಿ ಸೋತ ಕಡಿತಲೆ ಕಾಡಿನ ಲೆಕ್ಕದಲ್ಲಿ ಸೋಲಲಿಲ್ಲ. ಶೆಂಕ್ 1898ರಲ್ಲಿ ಅಲ್ಲಿಯೇ ಒಂದು ಅರಣ್ಯಶಾಲೆಯನ್ನು ತೆರೆದನು. ಆ ದೇಶದ ಮೊದಲ ಅರಣ್ಯಶಾಲೆ ಅದು.

ಅದೇ 1898ರಲ್ಲಿ ಪಿನ್‌ಶೋ ವಾಷಿಂಗ್ಟನ್ನಿನಲ್ಲಿ ಕೃಷಿ ಇಲಾಖೆಯ ಅರಣ್ಯ ವಿಭಾಗಕ್ಕೆ ಮುಖ್ಯಸ್ಥನಾದನು. ವಿಭಾಗವೇನೋ ಅರಣ್ಯ ವಿಭಾಗ. ಆದರೆ ಅದರ ವಶದಲ್ಲಿ ಒಂದು ಎಕರೆ ಕಾಡೂ ಇರಲಿಲ್ಲ. ಸರಕಾರಿ ಕಾಡುಗಳೆಲ್ಲ ಬೇರೊಂದು ಇಲಾಖೆಗೆ ಸೇರಿದ್ದುವು. ಕೈ ಕಟ್ಟಿ ಕುಳ್ಳಿರುವುದು ಅವನ ಸ್ವಭಾವವಲ್ಲ. ಕಾಡಿನ ಖಾಸಗಿ ಒಡೆಯರಿಗೆ ಅವನು ಒಂದು ಸುತ್ತೋಲೆಯನ್ನು ಕಳುಹಿಸಿದನು. ಯಾರಾದರೂ ಕೇಳಿದರೆ ಸರಕಾರದ ಅರಣ್ಯತಜ್ಞರು ಬಂದು ಕಾಡನ್ನು ಅಳೆದು, ಹೇಗೆ ಕಡಿದರೆ ಕಾಡೂ ಉಳಿದು ಆದಾಯವೂ ಬರುವುದೆಂಬ ಕಾರ್ಯಯೋಜನೆಯನ್ನು ಬರೆದುಕೊಡುವರು. ಸಣ್ಣ ರೈತರಿಗೆ ಇದು ಸಂಪೂರ್ಣ ಉಚಿತ. ದೊಡ್ಡ ಒಡೆಯರು ತಜ್ಞರ ಪ್ರಯಾಣ ಮತ್ತು ಊಟದ ವೆಚ್ಚವನ್ನು ಕೊಟ್ಟರೆ ಸಾಕು. ಮೊದಲ ವರ್ಷದಲ್ಲಿಯೇ ಸುಮಾರು 15 ಲಕ್ಷ ಎಕರೆ ಕಾಡಿಗೆ ಅರ್ಜಿಗಳು ಬಂದುವು. ಅಳೆಯುವುದಕ್ಕೆ ಜನರೇ ಸಾಲದೆ ಕಾಲೇಜು ವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ತಿಂಗಳಿಗೆ 25 ಡಾಲರ್ ಸಂಬಳದ ಮೇಲೆ ಕಾಡಿಗೆ ಕಳುಹಿಸಬೇಕಾಯಿತು. ಡೇರೆಗಳಲ್ಲಿ ಮಲಗಿ, ಸೊಳ್ಳೆಗಳಿಂದ ಕಚ್ಚಿಸಿಕೊಂಡು ಮರಗಳನ್ನು ಅಳೆದ ಆ ಹುಡುಗರಲ್ಲಿ ಹಲವರು ಮುಂದೆ ದೇಶದ ಅರಣ್ಯಾಧಿಕಾರಿಗಳಾದರು.

ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಬೆಟ್ಟಗಳಲ್ಲಿ ಸಿವರ್ಡ್ ವೆಬ್ ಎಂಬ ಧನಿಕನ ನೆಹಸೇನ್ ಎಂಬ ಖಾಸಗಿ ಕಾಡಿತ್ತು. ಅಲ್ಲಿ ಪಿನ್‌ಶೋ ಮತ್ತು ಅವನ ಗೆಳೆಯ ಹೆನ್ರಿ ಗ್ರೇವ್ಸ್ ಕಾಗದಕ್ಕೂ ಹಲಗೆಗೂ ಬೇಡಿಕೆಯಿದ್ದ ಸ್ಪ್ರೂಸ್ ಮರಗಳ ಬೆಳವಣಿಗೆಯನ್ನು ವಿವರವಾಗಿ ಪರೀಕ್ಷಿಸಿದ್ದರು. ನಿಗದಿಯಾದ ದಪ್ಪಕ್ಕಿಂತ ಕಿರಿದಾದ ಸ್ಪ್ರೂಸನ್ನು ಕಡಿಯಲಾಗದೆಂದು ಗೊತ್ತುಪಡಿಸಿ, ಮರಕ್ಕೆ ಗುರುತುಹಾಕಿ ಕಡಿತಲೆಯನ್ನು ನಡೆಸಲಾಯಿತು. ಈ ಅಧ್ಯಯನವು 1898ರಲ್ಲಿ ಪುಸ್ತಕವಾಗಿ ಹೊರಬಂದಿತು. ಆದರೆ ಬೇರೆ ಕಡೆಗಳಲ್ಲಿ ಬರೆದುಕೊಟ್ಟ ಯೋಜನೆಗಳಲ್ಲಿ ಅನೇಕವು ಒಡೆಯರ ಪೆಟ್ಟಿಗೆಯಲ್ಲಿಯೇ ಉಳಿದುವು. ಅವರನ್ನು ದೂರಿ ಫಲವಿಲ್ಲ. ನಿಂತ ಮರಕ್ಕೆ ಅಮೆರಿಕದಲ್ಲಿ ಪ್ರತಿವರ್ಷವೂ ಆಸ್ತಿ ತೆರಿಗೆಯನ್ನು ತೆರಬೇಕಾಗಿತ್ತು. ಭತ್ತದ ಗದ್ದೆಗೆ ಬೆಳೆ ಬರುವುದಕ್ಕೆ ಮುಂಚೆ ಅರವತ್ತು ಸಲ ಕಂದಾಯ ಕಟ್ಟಬೇಕಾದರೆ ಯಾವ ರೈತನು ಗದ್ದೆಯನ್ನು ಇಟ್ಟುಕೊಂಡಾನು? ಅಷ್ಟು ಕಾಲ ಕಾದರೂ ಒಂದು ದಿನದ ಬೆಂಕಿ ಎಲ್ಲವನ್ನೂ ಬೂದಿಮಾಡಬಹುದು. ಮುಟ್ಟದ ಕಾಡು ಪಶ್ಚಿಮದಲ್ಲಿ ಇನ್ನೂ ಅಗ್ಗವಾಗಿ ದೊರೆಯುತ್ತಿರುವಾಗ, ಬೆಳೆಸಿ ಕಡಿಯುವವನು ಕಡಿದು ಓಡುವವನೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದೆ ಹೋದನು.

1900ರಲ್ಲಿ ಪಿನ್‌ಶೋ ಮನೆತನದವರು ಯೇಲ್ ವಿಶ್ವವಿದ್ಯಾಲಯಕ್ಕೆ ಹಣವನ್ನು ದಾನಮಾಡಿ ಅರಣ್ಯಶಾಲೆಯನ್ನು ಸ್ಥಾಪಿಸಿದರು. ಅದರ ಬೇಸಗೆಯ ಶಿಬಿರ ಮಿಲ್‌ಫರ್ಡಿನಲ್ಲಿ, ಗ್ರೇ ಟವರ್ಸಿನ ಸುತ್ತಣ ನೆಲದಲ್ಲಿಯೇ ನಡೆಯುತ್ತಿತ್ತು. ತಾತನು ಬೋಳುಮಾಡಿದ ಗುಡ್ಡಗಳ ಮೇಲೆ ಮೊಮ್ಮಗನ ಶಿಷ್ಯರು ಸಸಿಗಳನ್ನು ನೆಟ್ಟರು.

ಮುಂದಿನ ಹತ್ತು ವರ್ಷಗಳ ಕಥೆ ಅಮೆರಿಕದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷನಾದಾಗ ಪಿನ್‌ಶೋನಿಗೆ ಒಬ್ಬ ಆಪ್ತಮಿತ್ರನೂ ಬೆಂಬಲಿಗನೂ ದೊರೆತಂತಾಯಿತು. 1905ರಲ್ಲಿ ಸರಕಾರಿ ಕಾಡುಗಳೆಲ್ಲ ಕೃಷಿ ಇಲಾಖೆಗೆ ವರ್ಗವಾಗಿ ಅರಣ್ಯ ಸೇವೆ ಹುಟ್ಟಿತು. ಐದು ವರ್ಷಗಳಲ್ಲಿ ರಾಷ್ಟ್ರೀಯ ಅರಣ್ಯಗಳು 15 ಕೋಟಿ ಎಕರೆಯನ್ನು ಮೀರಿದುವು. 1910ರ ಜನವರಿಯಲ್ಲಿ, ಕಲ್ಲಿದ್ದಲಿನ ಸರಕಾರಿ ಭೂಮಿಗಳ ವಿಚಾರದಲ್ಲಿ ಮಂತ್ರಿಯೊಬ್ಬನನ್ನು ಬಹಿರಂಗವಾಗಿ ಎದುರಿಸಿದುದಕ್ಕಾಗಿ ಅಧ್ಯಕ್ಷ ಟಾಫ್ಟ್ ಅವನನ್ನು ಹುದ್ದೆಯಿಂದ ತೆಗೆದುಹಾಕಿದನು.

ಅವನ ದೃಷ್ಟಿಗೆ ಮಿತಿಗಳಿದ್ದುವು. ಕಾಡೆಂದರೆ ಅವನಿಗೆ ಮುಖ್ಯವಾಗಿ ಬೆಳೆ. ಹೆಚ್ ಹೆಚಿ ಎಂಬ ಸುಂದರ ಕಣಿವೆಗೆ ಅಣೆಕಟ್ಟು ಕಟ್ಟಿ ಸ್ಯಾನ್‌ಫ್ರಾನ್ಸಿಸ್ಕೊ ನಗರಕ್ಕೆ ನೀರನ್ನು ಒಯ್ಯಬೇಕೆಂದು ಅವನು ವಾದಿಸಿದಾಗ, ಕಾಡನ್ನು ದೇಗುಲವೆಂದು ಬಗೆದ ಜಾನ್ ಮ್ಯೂರ್ ಅವನಿಂದ ದೂರವಾದನು. ಕಾಡಿನ ಎಲ್ಲ ಬೆಂಕಿಯೂ ಶತ್ರುವೆಂದು ಅವನ ಇಲಾಖೆ ದಶಕಗಳ ಕಾಲ ಹೋರಾಡಿತು. ಕೆಲವು ಜಾತಿಯ ಪೈನ್ ಕಾಡುಗಳಿಗೆ ಆಗಾಗ ಹರಿಯುವ ಸಣ್ಣ ಬೆಂಕಿ ಹಿತಕರವೆಂದೂ ಅದನ್ನು ತಡೆದರೆ ತರಗು ಕೂಡಿ ಮಹಾಬೆಂಕಿಗೆ ದಾರಿಯಾಗುವುದೆಂದೂ ಇಂದು ತಿಳಿದುಬಂದಿದೆ.

ಇತ್ತ ಬಿಲ್ಟ್‌ಮೋರ್ ಕಾಡಿನ ಗತಿಯೇನಾಯಿತು? ವ್ಯಾಂಡರ್‌ಬಿಲ್ಟನ ಸಂಪತ್ತು ಕರಗುತ್ತ ಬಂದಿತು. 1909ರಲ್ಲಿ ಅವನು ಶೆಂಕನನ್ನು ಕೆಲಸದಿಂದ ಬಿಡಿಸಿದನು. 1914ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಪತ್ನಿ ಈಡಿತ್ ಪಿಸ್ಗಾದ ಸುಮಾರು 86,700 ಎಕರೆ ಕಾಡನ್ನು ಎಕರೆಗೆ 5 ಡಾಲರಿನಂತೆ ಸರಕಾರಕ್ಕೆ ಮಾರಿದಳು. ಮಾರಿದಳೆನ್ನುವುದಕ್ಕಿಂತ, ಗಂಡನು ಇಪ್ಪತ್ತು ವರ್ಷ ಕಾಪಾಡಿದ ಕಾಡು ಚೂರುಚೂರಾಗದಂತೆ ಸುರಕ್ಷಿತವಾದ ಕೈಗೆ ಒಪ್ಪಿಸಿದಳೆಂದರೆ ಹೆಚ್ಚು ಸರಿಯಾದೀತು. ಅದು ಪಿಸ್ಗಾ ರಾಷ್ಟ್ರೀಯ ಅರಣ್ಯಕ್ಕೆ ತಿರುಳಾಯಿತು. ಕಾಡು ಉಳಿಯಿತು, ಖಾಸಗಿ ಕಾಡಾಗಿ ಉಳಿಯಲಿಲ್ಲ. ಕೋಟ್ಯಧೀಶನಿಗೂ ನಿಲ್ಲಿಸಿಕೊಳ್ಳಲಾಗದ ಕಾಡನ್ನು ಸಾಮಾನ್ಯನು ಹೇಗೆ ನಿಲ್ಲಿಸಿಕೊಂಡಾನು?

ಈ ಪ್ರಶ್ನೆಯೇ ಪಿನ್‌ಶೋನ ಮನಸ್ಸನ್ನು ಬದಲಿಸಿತು. ತರುಣನಾಗಿದ್ದಾಗ ಲೆಕ್ಕವನ್ನು ತೋರಿಸಿದರೆ ಒಡೆಯರು ತಾವಾಗಿಯೇ ಸರಿದಾರಿಗೆ ಬರುವರೆಂದು ಅವನು ನಂಬಿದ್ದನು. 1919ರಲ್ಲಿ ಅರಣ್ಯತಜ್ಞರ ಸಂಘವು ನೇಮಿಸಿದ ಸಮಿತಿಯ ಅಧ್ಯಕ್ಷನಾಗಿ ಅವನು ಬೇರೆಯೇ ಮಾತನ್ನು ಹೇಳಿದನು. ದೇಶದ ಮೋಪಿನ ಬಹುಭಾಗ ಖಾಸಗಿ ಕಾಡುಗಳಿಂದಲೇ ಬರುತ್ತದೆ. ಅಲ್ಲಿ ನಡೆಯುವ ವಿನಾಶವನ್ನು ಬರಿಯ ಬುದ್ಧಿವಾದದಿಂದ ತಡೆಯಲಾಗದು. ಕೇಂದ್ರ ಸರಕಾರವು ಕಾನೂನನ್ನು ಮಾಡಿ ಕಡಿತಲೆಯನ್ನು ನಿಯಂತ್ರಿಸಬೇಕು ಎಂಬುದು ಸಮಿತಿಯ ವರದಿಯ ಸಾರ. ಇದು ದೊಡ್ಡ ವಿವಾದವನ್ನೆಬ್ಬಿಸಿತು. ಅವನ ಕೈಕೆಳಗೆ ಪಳಗಿ ಅರಣ್ಯ ಸೇವೆಯ ಮುಖ್ಯಸ್ಥನಾಗಿದ್ದ ವಿಲಿಯಮ್ ಗ್ರೀಲಿಯೇ ಅವನನ್ನು ವಿರೋಧಿಸಿದನು. ಒಡೆಯನನ್ನು ದಂಡಿಸಿದರೆ ಅವನು ಕಾಡನ್ನು ಬೇಗನೆ ಕಡಿದು ಮಾರಿಬಿಡುವನು; ಬೆಂಕಿಯಿಂದ ಕಾಪಾಡಿ, ಸಸಿಗಳನ್ನು ಕೊಟ್ಟು, ತೆರಿಗೆಯನ್ನು ಸರಿಪಡಿಸಿದರೆ ತಾನೇ ಬೆಳೆಸುವನು ಎಂಬುದು ಗ್ರೀಲಿಯ ನಿಲುವು. 1924ರ ಕಾಯಿದೆ ಗ್ರೀಲಿಯ ಹಾದಿಯನ್ನೇ ಹಿಡಿಯಿತು. ಪಿನ್‌ಶೋ ಸೋತನು. ಆದರೆ ಬೆಂಕಿಯ ಕಾವಲು, ಸರಕಾರಿ ಸಸಿಮಡಿಗಳು, ತೆರಿಗೆಯ ಮರುಪರಿಶೀಲನೆ ಇವೆಲ್ಲ ಖಾಸಗಿ ಕಾಡಿನ ಒಡೆಯನಿಗೆ ಕಾಯುವ ಧೈರ್ಯವನ್ನು ಕೊಟ್ಟುವೆಂಬುದೂ ನಿಜ.

ಪಿನ್‌ಶೋ ಆ ವೇಳೆಗೆ ಪೆನ್ಸಿಲ್ವೇನಿಯದ ಗವರ್ನರನಾಗಿದ್ದನು. 1923ರಿಂದ 1927ರ ವರೆಗೂ, ಮತ್ತೆ 1931ರಿಂದ 1935ರ ವರೆಗೂ ಆ ಸ್ಥಾನದಲ್ಲಿದ್ದು, ರೈತರು ಕೆಸರಿನಿಂದ ಪಾರಾಗುವಂತೆ ಹಳ್ಳಿಯ ರಸ್ತೆಗಳನ್ನು ಗಟ್ಟಿಮಾಡಿಸಿ ಹೆಸರಾದನು. 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅರಣ್ಯನೀತಿಯ ಬಗೆಗೆ ಸಲಹೆಯನ್ನು ಕೇಳಿದಾಗ, ಖಾಸಗಿಯವರಿಂದ ಕಾಡು ಉಳಿಯದು, ಸರಕಾರವೇ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳಬೇಕು ಎಂದು ತಿಳಿಸಿದನು. ಬಿಲ್ಟ್‌ಮೋರಿನ ತರುಣನಿಗೂ ಈ ಮುದುಕನಿಗೂ ನಡುವೆ ನಲವತ್ತು ವರ್ಷಗಳ ನಿರಾಶೆಯಿತ್ತು.

ಆ ನಿರಾಶೆ ಪೂರ್ತಿಯಾಗಿ ಸಮರ್ಥವಾಗಿತ್ತೆಂದು ಹೇಳಲಾಗದು. ಮುಟ್ಟದ ಕಾಡುಗಳು ಮುಗಿಯುತ್ತ ಬಂದಂತೆ ಕಡಿದು ಓಡುವುದಕ್ಕೆ ಜಾಗವೂ ಮುಗಿಯಿತು. ಸರಕಾರವು ನಿಯಂತ್ರಣವನ್ನು ಹೇರೀತೆಂಬ ಅಂಜಿಕೆಯೂ ಒಡೆಯರಲ್ಲಿ ಇತ್ತು. ಆ ಅಂಜಿಕೆಯನ್ನು ಜೀವಂತವಾಗಿ ಇಟ್ಟವರಲ್ಲಿ ಪಿನ್‌ಶೋ ಒಬ್ಬನು. 1941ರಲ್ಲಿ ವಾಷಿಂಗ್ಟನ್ ರಾಜ್ಯದ ಮಾಂಟಿಸೇನೊ ಎಂಬಲ್ಲಿ ವೇಯರ್‌ಹೌಸರ್ ಎಂಬ ಮೋಪಿನ ಕಂಪನಿ ಕಡಿದು ಸುಟ್ಟುಹೋಗಿದ್ದ ಒಂದು ಲಕ್ಷ ಎಕರೆಗೂ ಮಿಕ್ಕ ತನ್ನ ನೆಲವನ್ನು ಮರದ ಬೇಸಾಯದ ಜಮೀನೆಂದು ಸಾರಿ, ಬೆಂಕಿಯಿಂದ ಕಾದು ಕಾಡನ್ನು ಮತ್ತೆ ಬೆಳೆಸತೊಡಗಿತು. ಇತರ ಒಡೆಯರು ಅದನ್ನು ಅನುಸರಿಸಿದರು. ಇಂದಿಗೂ ಆ ದೇಶದ ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಖಾಸಗಿಯವರದೇ ಆಗಿದೆ. ಅದರಲ್ಲಿ ಬಹುಪಾಲು ಸಣ್ಣ ಒಡೆಯರ ಕೈಯಲ್ಲಿದೆ.

ಪಿನ್‌ಶೋ ಕೊನೆಯ ವರ್ಷಗಳಲ್ಲಿ ತನ್ನ ಬಾಳಿನ ಕಥೆಯನ್ನು ಬರೆಯುತ್ತ ಕಾಲವನ್ನು ಕಳೆದನು. 1946ರ ಅಕ್ಟೋಬರ್ 4ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡನು. ಪುಸ್ತಕವು ಮರುವರ್ಷ ಪ್ರಕಟವಾಯಿತು. 1963ರಲ್ಲಿ ಅವನ ಮಗನು ಗ್ರೇ ಟವರ್ಸನ್ನು ಅರಣ್ಯ ಸೇವೆಗೆ ದಾನವಾಗಿ ಕೊಟ್ಟನು. ಆ ವರ್ಷದ ಸೆಪ್ಟೆಂಬರ್ 24ರಂದು ಅಧ್ಯಕ್ಷ ಕೆನೆಡಿ ಅಲ್ಲಿಗೆ ಬಂದಾಗ ಮನೆಯ ಸುತ್ತಲಿನ ಗುಡ್ಡಗಳ ಮೇಲೆ ಕಾಡು ಬೆಳೆದು ನಿಂತಿತ್ತು.